ಗಾಡಿ ಓಡಿಸುವಾಗ ಗಮನ ರಸ್ತೆಯ ಮೇಲಿರಲಿ

ಹೊಸದಾಗಿ ಲೈಸೆನ್ಸ್ ಪಡೆದ ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದ.

ಚಾಲಕರ ಗಮನ ಮೂರು ಬಗೆಯಲ್ಲಿ ತಪ್ಪುತ್ತದೆ. ಕಣ್ಣು ರಸ್ತೆಯಿಂದ ಸರಿಯಬಹುದು, ಕೈ ಸ್ಟೇರಿಂಗ್ ಬಿಡಬಹುದು, ಕಣ್ಣು ಕೈ ಎರಡೂ ಜಾಗದಲ್ಲೇ ಇದ್ದು ಮನಸ್ಸೊಂದೇ ಬೇರೆ ಕಡೆ ಹೋಗಿರಬಹುದು. ಗಾಡಿ ಓಡುತ್ತಿರುವಾಗ ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬರೆಯುವವರಿಗೆ ಈ ಮೂರೂ ಒಟ್ಟಿಗೇ ತಪ್ಪುತ್ತವೆ. ಅದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ.

ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಮೆಸೇಜ್ ಯಾರದೆಂದು 3 ಸೆಕೆಂಡ್ ತಲೆ ತಗ್ಗಿಸಿದರೆ 66 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿದಂತಾಯಿತು. ತಲೆ ಎತ್ತಿದ ಮೇಲೂ ಅಪಾಯ ಗುರುತಿಸಿ ಬ್ರೇಕ್ ಒತ್ತಲು ಒಂದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಮಂಡ್ಯದ ಕಡೆಯ ಹಳ್ಳಿ ರಸ್ತೆಗಳಲ್ಲಿ ರಾತ್ರಿ ಕಬ್ಬಿನ ಟ್ರಾಕ್ಟರ್ ಹಿಂದೆ ಹೋದವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಟ್ರೇಲರ್‌ನ ಆಚೆಗೆ ಚಾಚಿದ ಕಬ್ಬು ಹಿಂಬದಿಯ ದೀಪವನ್ನು ಮುಚ್ಚಿಬಿಟ್ಟಿರುತ್ತದೆ. ಹೆಡ್‌ಲೈಟಿನ ಡಿಮ್ ಬೆಳಕಿಗೆ ಸಿಗುವಷ್ಟು ಹತ್ತಿರ ಬಂದಾಗಲೇ ಕಬ್ಬಿನ ತುದಿಗಳು ಕಾಣಿಸುತ್ತವೆ. ಅಲ್ಲಿ ಕಳೆದುಕೊಳ್ಳಲು ಒಂದು ಸೆಕೆಂಡೂ ಇರುವುದಿಲ್ಲ. ಬಣ್ಣ ಬಳಿಯದ ಹಂಪ್, ಅಡ್ಡ ಬರುವ ದನ, ಶಿರಾಡಿ ಘಾಟಿಯ ತಿರುವು ಎಲ್ಲದಕ್ಕೂ ಇದೇ ಮಾತು.

ಕಿವಿಗೆ ಬ್ಲೂಟೂತ್ ಹಾಕಿಕೊಂಡರೆ, ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡರೆ ತೊಂದರೆಯಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಕೆನಡಾದ ಟೊರೊಂಟೊದಲ್ಲಿ ಅಪಘಾತಕ್ಕೊಳಗಾದ ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ಕಂಡುಬಂತು. ಕೈಯಲ್ಲಿ ಹಿಡಿಯದ ಫೋನ್ ಹೆಚ್ಚು ಸುರಕ್ಷಿತ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಸಿಮ್ಯುಲೇಟರ್‌ನಲ್ಲಿ ನಡೆಸಿದ ಪ್ರಯೋಗಗಳು ಕಾರಣವನ್ನೂ ತೋರಿಸಿದವು: ಮಾತಿನಲ್ಲಿ ಮುಳುಗಿದ ಚಾಲಕರು ನೇರ ಎದುರಿಗಿದ್ದುದನ್ನು ನೋಡಿಯೂ ಗ್ರಹಿಸುವುದಿಲ್ಲ. ಪಕ್ಕದಲ್ಲಿ ಕೂತವರ ಜೊತೆಗಿನ ಮಾತು ಅಷ್ಟು ಕಾಡುವುದಿಲ್ಲ. ಎದುರಿಗೆ ಲಾರಿ ಓವರ್‌ಟೇಕ್ ಮಾಡುತ್ತ ಬಂದರೆ ಅವರೂ ನೋಡುತ್ತಾರೆ, ತಾವಾಗಿಯೇ ಸುಮ್ಮನಾಗುತ್ತಾರೆ. ಫೋನಿನ ಆಚೆ ಬದಿಯವರಿಗೆ ಆ ಲಾರಿ ಕಾಣುವುದಿಲ್ಲ, ಅವರ ಪ್ರಶ್ನೆ ನಿಲ್ಲುವುದಿಲ್ಲ.

ಕಾನೂನು ಕೈಯಲ್ಲಿ ಹಿಡಿದ ಫೋನಿಗಷ್ಟೇ ಕೈ ಹಾಕಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂನಲ್ಲಿ ಇದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿತು. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸಜೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ದಾರಿ ನೋಡಿಕೊಳ್ಳಲು ಮಾತ್ರ, ಗಮನ ಕೆಡದಂತೆ, ಫೋನ್ ಬಳಸಬಹುದೆಂದು 2020ರಲ್ಲಿ ನಿಯಮ ಬಂತು. ಮ್ಯಾಪ್‌ನಲ್ಲಿ ಊರು ಹುಡುಕುವ ಕೆಲಸ ಗಾಡಿ ಹೊರಡುವ ಮೊದಲೇ ಮುಗಿದಿರಬೇಕು.

ಫೋನೊಂದೇ ಅಲ್ಲ. ಸೀಟಿನ ಕೆಳಗೆ ಉರುಳಿದ ನೀರಿನ ಬಾಟಲಿಗೆ ಕೈ ಚಾಚುವುದು ಅಪಾಯ. ಅದು ಬ್ರೇಕ್ ಪೆಡಲ್‌ನ ಅಡಿ ಸಿಕ್ಕಿಕೊಂಡರೆ ಕಾಲು ಎಷ್ಟು ಒತ್ತಿದರೂ ಪೆಡಲ್ ಪೂರ್ತಿ ಇಳಿಯದು. ಬಾಟಲಿಯ ಜಾಗ ಡೋರ್ ಪಾಕೆಟ್. ನಿದ್ದೆಗೆಟ್ಟವರ ಗಮನವಂತೂ ಹೇಳದೆ ಕೇಳದೆ ಜಾರುತ್ತದೆ. ಬೆಳಗಿನ ಜಾವ ಮತ್ತು ಮಧ್ಯಾಹ್ನದ ಊಟದ ನಂತರ ಅದು ಹೆಚ್ಚು. ಹಾಡು, ಕಿಟಕಿಯ ಗಾಳಿ ನಿದ್ದೆಯನ್ನು ಓಡಿಸಲಾರವು. ಪೆಟ್ರೋಲ್ ಬಂಕ್ ಅಥವಾ ಢಾಬಾದ ಬಳಿ ನಿಲ್ಲಿಸಿ 20 ನಿಮಿಷ ಮಲಗುವುದೇ ದಾರಿ.

ಎದುರಿಗಿಟ್ಟ ಫೋನನ್ನು ನೋಡದಿರುವಷ್ಟು ಸಂಯಮ ಹೆಚ್ಚಿನವರಲ್ಲಿ ಇರುವುದಿಲ್ಲ. ಆದ್ದರಿಂದ ಅದು ಸೈಲೆಂಟ್ ಆಗಿ ಹಿಂದಿನ ಸೀಟಿನ ಬ್ಯಾಗಿನಲ್ಲಿರುವುದು ಒಳ್ಳೆಯದು. ಮ್ಯಾಪ್ ಬೇಕಾದಾಗ ಡ್ಯಾಶ್‌ಬೋರ್ಡಿನ ಹೋಲ್ಡರ್‌ನಲ್ಲಿ, ನೋಟಿಫಿಕೇಶನ್ ಬಂದ್ ಆಗಿ. ಮನೆಯವರಿಗೂ ಇದರಲ್ಲಿ ಪಾಲಿದೆ. ‘ಎಲ್ಲಿದ್ದೀಯಾ, ಯಾಕೆ ಫೋನ್ ಎತ್ತಲ್ಲ’ ಎಂದು ಮೇಲಿಂದ ಮೇಲೆ ಕರೆ ಮಾಡುವ ಪ್ರೀತಿಯೇ ಎಷ್ಟೋ ಮಕ್ಕಳ ಕೈ ಜೇಬಿಗೆ ಹೋಗುವಂತೆ ಮಾಡುತ್ತದೆ. ಹೊರಡುವಾಗ ಒಂದು ಕರೆ, ತಲುಪಿದ ಮೇಲೆ ಒಂದು ಕರೆ ಎಂಬ ಒಪ್ಪಂದ ಎಲ್ಲ ಮನೆಗಳಲ್ಲೂ ಆಗಬೇಕು. ಈ ಮನೆಯಲ್ಲಿ ಅದು ಇಂದಿನಿಂದಲೇ ಆಗಲಿ.

ಇಂತಿ,
ದೊಡ್ಡಪ್ಪ