ಒಂದು ವಾಹನದ ಜೀರ್ಣೋದ್ಧಾರ

ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವ ಬಗೆ ಎರಡೆಂದು ವ್ಯಾಕರಣದಲ್ಲಿ ಕಲಿಯುತ್ತೇವೆ. ಮೂಲರೂಪವನ್ನು ಇದ್ದಂತೆಯೇ ಉಳಿಸಿಕೊಂಡುದು ತತ್ಸಮ. ನಮ್ಮ ನಾಲಗೆಗೆ ಒಗ್ಗಿ ರೂಪವನ್ನು ಬದಲಿಸಿಕೊಂಡುದು ತದ್ಭವ. ಹಳೆಯ ಯಂತ್ರವೊಂದನ್ನು ಹೊಸ ಕಾಲಕ್ಕೆ ತರುವವರ ಮುಂದೆಯೂ ಈ ಎರಡು ದಾರಿಗಳಿವೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ೧೯೫೦ರ ತನ್ನ ವ್ಯಾನನ್ನು ೨೦೨೨ರಲ್ಲಿ 'ಐ.ಡಿ. ಬಝ್' ಎಂಬ ಹೆಸರಿನಿಂದ ಮರಳಿ ತಂದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗಾಗಿ ಅದನ್ನು ಇಲ್ಲಿ ವಿವರಿಸುತ್ತೇವೆ.

ಎರಡನೆಯ ಮಹಾಯುದ್ಧವು ಮುಗಿದ ಕಾಲ. ವುಲ್ಫ್ಸ್‌ಬರ್ಗಿನ ಕಾರ್ಖಾನೆಯು ಬ್ರಿಟಿಷ್ ಸೈನ್ಯಾಧಿಕಾರಿಗಳ ಆಡಳಿತದಲ್ಲಿತ್ತು. ಬಿಡಿಭಾಗಗಳನ್ನು ಸಾಗಿಸಲು ಅಲ್ಲಿಯ ಕೆಲಸಗಾರರು ಬೀಟ್ಲ್ ಕಾರಿನ ಅಡಿಗಟ್ಟಿನ ಮೇಲೆ ಹಲಗೆ ಹಾಸಿ ಬಂಡಿಗಳನ್ನು ಮಾಡಿಕೊಂಡಿದ್ದರು. ಹಾಲೆಂಡಿನ ವರ್ತಕ ಬೆನ್ ಪಾನ್ ಅವನ್ನು ಕಂಡನು. ೧೯೪೭ನೆಯ ಇಸವಿ ಏಪ್ರಿಲ್ ೨೩ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಡಬ್ಬಿಯಂತಹ ಚಿತ್ರವನ್ನು ಗೀಚಿದನು. ಚಾಲಕನು ತೀರ ಮುಂದೆ, ಯಂತ್ರವು ತೀರ ಹಿಂದೆ, ನಡುವೆ ಹೊರೆ. ಚಿತ್ರವಿದ್ದುದು ಇಷ್ಟೇ. ಶಾಲೆಯ ಚಿತ್ರಕಲೆಯ ಪರೀಕ್ಷೆಯಲ್ಲಿ ಅದಕ್ಕೆ ಹೆಚ್ಚು ಅಂಕಗಳು ದೊರೆಯುತ್ತಿರಲಿಲ್ಲವೆಂದು ತೋರುತ್ತದೆ!

ಆದರೆ ಆ ಗೀಟುಗಳಲ್ಲಿ ತರ್ಕವಿತ್ತು. ಎತ್ತಿನ ಗಾಡಿಗೆ ಹೊರೆ ಹೇರುವವರು ಇದನ್ನು ಬಲ್ಲರು. ಹೊರೆ ಮುಂದಾದರೆ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಾದರೆ ಮೇಲಕ್ಕೇಳುತ್ತದೆ. ಪಾನನ ಬಂಡಿಯಲ್ಲಿ ಚಾಲಕನ ತೂಕಕ್ಕೆ ಯಂತ್ರದ ತೂಕವು ಎದುರಾಗಿ, ಹೊರೆಯು ಎರಡು ಅಚ್ಚುಗಳ ನಡುವೆ ಕುಳಿತುದರಿಂದ ಬಂಡಿ ತುಂಬಿದ್ದರೂ ಬರಿದಾಗಿದ್ದರೂ ಸಮತೋಲವು ಹೆಚ್ಚು ಕೆಡುತ್ತಿರಲಿಲ್ಲ. ೧೯೪೯ರ ಮೊದಲ ಮಾದರಿಗೆ ಬೀಟ್ಲ್ ಕಾರಿನ ಅಡಿಗಟ್ಟನ್ನೇ ಬಳಸಿದಾಗ ಅದು ಭಾರ ತಾಳದೆ ಹೋಯಿತು. ಬೇರೆ ಗಟ್ಟಿಯಾದ ಚೌಕಟ್ಟು ಬೇಕಾಯಿತು. ಬ್ರೌನ್‌ಶ್ವೈಗಿನ ವಿದ್ಯಾಲಯದ ಗಾಳಿಸುರಂಗದಲ್ಲಿ ಪರೀಕ್ಷಿಸಿ, ಚಪ್ಪಟೆಯಾದ ಮುಖವನ್ನು ದುಂಡಗೆ ಮಾಡಿ ಮುಂದಿನ ಗಾಜನ್ನು ಎರಡಾಗಿ ಸೀಳಿ ಓರೆಯಾಗಿ ಕೂಡಿಸಲು, ಗಾಳಿತಡೆಯ ಗುಣಾಂಕವು ೦.೭೫ರಿಂದ ೦.೪೪ಕ್ಕೆ ಇಳಿಯಿತು. ಜನರು ಇಂದು ಮುದ್ದಾದ ಮುಖವೆಂದು ಮೆಚ್ಚುವುದು ಹೀಗೆ ಹುಟ್ಟಿದ ರೂಪವನ್ನೇ. ೧೯೫೦ರ ಮಾರ್ಚಿಯಲ್ಲಿ ಉತ್ಪಾದನೆಯು ಆರಂಭವಾದಾಗ ಯಂತ್ರದ ಬಲ ೨೫ ಅಶ್ವಶಕ್ತಿ ಮಾತ್ರ. ರೊಟ್ಟಿ ಮಾರುವವರು, ಬಡಗಿಗಳು, ಮಕ್ಕಳೊಂದಿಗರಾದ ಸಂಸಾರಿಗಳು ಅದನ್ನು ಕೊಂಡರು.

ಈ ವಂಶವು ಬ್ರೆಜಿಲಿನಲ್ಲಿ ೨೦೧೩ರ ಡಿಸೆಂಬರಿನವರೆಗೂ ಬಾಳಿತು. ಗಾಳಿಚೀಲ ಮತ್ತು ಗಾಲಿ ಜಾರದಂತೆ ತಡೆಯುವ ಬ್ರೇಕು ಇವೆರಡೂ ಕಡ್ಡಾಯವಾದಾಗ ಹಳೆಯ ಒಡಲಿಗೆ ಅವು ಹೊಂದಲಿಲ್ಲ.

ಪುನರುಜ್ಜೀವನದ ಯತ್ನಗಳಾದರೋ ಮೊದಲೇ ನಡೆದಿದ್ದವು. ೨೦೦೧ರಲ್ಲಿ ಒಂದು, ೨೦೧೧ರಲ್ಲಿ ಇನ್ನೊಂದು ಮಾದರಿಯನ್ನು ಪ್ರದರ್ಶಿಸಿದರು. ಎರಡೂ ಮಾರುಕಟ್ಟೆಗೆ ಬರಲಿಲ್ಲ. ಅವುಗಳಲ್ಲಿ ಯಂತ್ರವನ್ನು ಮುಂದಿಟ್ಟಿದ್ದರು. ೧೯೯೭ರ 'ನ್ಯೂ ಬೀಟ್ಲ್' ಕಾರಿನ ಕಥೆಯೂ ಅದೇ: ಬೆನ್ನು ಹಳೆಯದರಂತೆ ಗುಂಡಗಿದ್ದರೂ ಯಂತ್ರವಿದ್ದುದು ಮುಂಭಾಗದಲ್ಲಿ. ಇಂತಹುದನ್ನು ತತ್ಸಮವೆನ್ನಲೂ ಬಾರದು, ತದ್ಭವವೆನ್ನಲೂ ಬಾರದು, ವೇಷವೆನ್ನಬಹುದು.

ಬಝ್ ವಾಹನದಲ್ಲಿ ವಿದ್ಯುತ್ತು ಈ ತೊಡಕನ್ನು ಬಿಡಿಸಿತು. ಬ್ಯಾಟರಿಯನ್ನು ನೆಲಗಟ್ಟಿನಲ್ಲಿ ಹಾಸಿದರು. ಚಿಕ್ಕದಾದ ವಿದ್ಯುತ್ ಮೋಟಾರು ಹಿಂದಿನ ಅಚ್ಚಿನ ಬಳಿ ಸೇರಿತು. ಹಳೆಯ ಬಂಡಿಯಂತೆಯೇ ಹಿಂದಿನ ಗಾಲಿಗಳೇ ಮೊದಲ ಮಾದರಿಯನ್ನು ತಳ್ಳುತ್ತವೆ. ಮುಂದೆ ಯಂತ್ರವಿಲ್ಲದುದರಿಂದ ಮೂತಿಯು ಮೊಟಕಾಯಿತು. ಹಳೆಯದರಲ್ಲಿ ಚಾಲಕನು ಮುಂಗಾಲಿಗಳ ಮೇಲೆಯೇ ಕುಳಿತಿರುತ್ತಿದ್ದನು; ಢಿಕ್ಕಿಯಾದರೆ ಅವನ ಮೊಣಕಾಲುಗಳಿಗೂ ಎದುರಿನ ವಾಹನಕ್ಕೂ ನಡುವೆ ತಗಡೊಂದೇ. ಈಗಿನ ನಿಯಮಗಳು ಅದನ್ನು ಒಪ್ಪವು. ಆದುದರಿಂದ ಪೀಠವು ಗಾಲಿಗಳ ಹಿಂದಕ್ಕೆ ಸರಿಯಿತು. ಅಚ್ಚುಗಳ ಅಂತರವು ೨೪೦೦ ಮಿಲಿಮೀಟರಿನಿಂದ ೨೯೮೮ಕ್ಕೆ ಬೆಳೆಯಿತು. ಗಾಳಿತಡೆಯ ಗುಣಾಂಕ ೦.೨೮೫, ಬಲ ೨೦೪ ಅಶ್ವಶಕ್ತಿ. ಎರಡು ಬಣ್ಣಗಳ ಒಡಲೂ ಎದುರಿನ ದೊಡ್ಡ ಲಾಂಛನವೂ ನೆನಪಿಗಾಗಿ ಉಳಿದವು. ಹೆಸರಿನಲ್ಲಿಯೂ 'ಬಸ್' ಎಂಬ ಶಬ್ದವು ವಿದ್ಯುತ್ತಿನ ಝೇಂಕಾರದೊಡನೆ ಬೆರೆತಿದೆ. ಇದನ್ನು ನಾವು ನಿಜವಾದ ತದ್ಭವವೆನ್ನುತ್ತೇವೆ.

ಆದರೂ ಒಂದು ಕೊರತೆಯನ್ನು ಹೇಳದೆ ಇರಲಾರೆವು. ೨೦೨೪ರಲ್ಲಿ ಅಮೆರಿಕೆಯಲ್ಲಿ ಇದರ ಆರಂಭದ ಬೆಲೆ ಸುಮಾರು ೬೦ ಸಾವಿರ ಡಾಲರ್. ರೊಟ್ಟಿ ಮಾರುವವನ ಬಂಡಿಯು ಸಿರಿವಂತರ ಬಾಲ್ಯಸ್ಮರಣೆಯಾಗಿ ಮರಳಿತು. ಬ್ಯಾಟರಿಯು ದುಬಾರಿಯೆಂಬುದು ನಿಜವೇ. ಆದರೆ ಅಗ್ಗವೆಂಬುದು ಮೂಲದ ಅಲಂಕಾರವಲ್ಲ, ಅದರ ಅರ್ಥವೇ ಆಗಿದ್ದಿತು. ಶಬ್ದವು ತದ್ಭವವಾಗುವಾಗಲೂ ಕೆಲವೊಮ್ಮೆ ಅರ್ಥವು ಜಾರುವುದುಂಟು.

ಪ್ರಯಾಣಿಕರ ವಾಹನದೊಡನೆಯೇ ಹಿಂಬದಿಯಲ್ಲಿ ಪೀಠಗಳಿಲ್ಲದೆ ಸರಕಿಗೆಂದೇ ಮೀಸಲಾದ ಇನ್ನೊಂದನ್ನೂ ೨೦೨೨ರಲ್ಲಿ ಹೊರತಂದರು. ಪತ್ರಿಕೆಗಳಲ್ಲಿ ಅದರ ಚಿತ್ರ ಬಂದುದು ಕಡಮೆ. ಪಾನನ ಗೀಟುಗಳಿಗೆ ಹೆಚ್ಚು ಹತ್ತಿರದ್ದು ಅದೇ. ಹಳೆಯ ವ್ಯಾನಿಗಾಗಿ ೧೯೫೬ರಲ್ಲಿ ಹ್ಯಾನೋವರಿನಲ್ಲಿ ತೆರೆದ ಕಾರ್ಖಾನೆಯಲ್ಲಿಯೇ ಎರಡನ್ನೂ ಕಟ್ಟಿದರು.