ಬಿಚ್ಚದೇ ಉಳಿದ ಪಾರ್ಸಲ್‌ಗಳು

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು, ಬಂದ ಪಾರ್ಸಲ್‌ಗಳನ್ನು ಬಿಚ್ಚದೇ ಅಟ್ಟಕ್ಕೆ ಹಾಕಿದ್ದೀರಿ ಎಂಬ ಮಾತು. ಮಿದುಳಿನ ಡೋಪಮೈನ್‌ಗೆ ವಸ್ತು ಕೈಸೇರುವುದಕ್ಕಿಂತ ಅದರ ನಿರೀಕ್ಷೆಯೇ ಹೆಚ್ಚು ಪ್ರಿಯ. ಆದ್ದರಿಂದಲೇ ಆರ್ಡರ್ ಒತ್ತಿದಾಗ ಮನಸ್ಸು ಹಗುರ, ಬಾಗಿಲಿಗೆ ಬಂದಾಗ ಬೇಸರ. ಆದರೆ ಯಾವುದನ್ನು ಮರೆಯಲು ಕೊಳ್ಳುತ್ತೀರೋ ಆ ಕಚೇರಿಯ ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಕ್ರೆಡಿಟ್ ಕಾರ್ಡ್ ಬಾಕಿ ಬೇರೆ. ಕನಿಷ್ಠ ಮೊತ್ತವಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಏರುತ್ತಲೇ ಹೋಗುತ್ತದೆ. ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೈಗುಳದ ನೋವೂ ಮತ್ತೊಂದು ಖರೀದಿಗೆ ನೆಪವಾಗುತ್ತದೆ. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ವಿವರವನ್ನು ಇಂದೇ ಅಳಿಸಿ. ಬೇಕೆನಿಸಿದ್ದು ಒಂದು ದಿನ ಕಾರ್ಟ್‌ನಲ್ಲೇ ಕಾಯಲಿ. ಸಾಲವನ್ನು ಗಂಡನಿಂದ ಮುಚ್ಚಿಡುವ ಹಂತ ತಲುಪಿದ್ದರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸೇವೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.