ವಾಯುಸೇತುವೆ

ವಾಯುಪಡೆಯೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಬಾಂಬು ಸುರಿಸುವ ವಿಮಾನ, ಇಲ್ಲವೇ ಶತ್ರುವನ್ನು ಬೆನ್ನಟ್ಟುವ ಯುದ್ಧವಿಮಾನ. ಹಿಟ್ಟಿನ ಮೂಟೆ, ಔಷಧದ ಪೆಟ್ಟಿಗೆ, ಗಾಯಾಳುಗಳು, ಕಲ್ಲಿದ್ದಲು ಇವನ್ನು ಹೊತ್ತು ಹಾರುವ ಸಾರಿಗೆ ವಿಮಾನಗಳನ್ನು ನೆನೆಯುವವರು ವಿರಳ. ಆದರೂ ಒಮ್ಮೆ ಒಂದು ಮಹಾನಗರವು ಸುಮಾರು ಹನ್ನೊಂದು ತಿಂಗಳ ಕಾಲ ಇಂತಹ ವಿಮಾನಗಳನ್ನೇ ನಂಬಿ ಜೀವ ಹಿಡಿದುಕೊಂಡಿತ್ತು. ಆ ನಗರವೇ ಬರ್ಲಿನ್.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಹಂಚಿಕೊಂಡವು. ಸೋವಿಯತ್ ಭಾಗದ ನಡುವೆ ಇದ್ದ ಬರ್ಲಿನ್ ನಗರವೂ ನಾಲ್ಕು ಪಾಲಾಯಿತು. ೧೯೪೮ರ ಜೂನ್ ೨೪ರಂದು ಸೋವಿಯತ್ ಆಡಳಿತವು ನಗರದ ಪಶ್ಚಿಮ ಭಾಗಗಳಿಗೆ ಹೋಗುವ ರಸ್ತೆ, ರೈಲು ಮತ್ತು ಜಲಮಾರ್ಗಗಳನ್ನು ಮುಚ್ಚಿತು. ಒಳಗೆ ಉಳಿದವರು ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಜನ. ತೆರೆದಿದ್ದುದು ಇಪ್ಪತ್ತು ಮೈಲಿ ಅಗಲದ ಮೂರು ಆಕಾಶಮಾರ್ಗಗಳು ಮಾತ್ರ. ದಿನವೊಂದಕ್ಕೆ ಸುಮಾರು ೪,೫೦೦ ಟನ್ ಆಹಾರ, ಇಂಧನಗಳು ಆ ಮಾರ್ಗಗಳಲ್ಲೇ ಬರಬೇಕಾಗಿತ್ತು.

ಮೊದಲ ವಾರಗಳಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಕ್ರಮಕ್ಕೆ. ಆಗಸ್ಟ್ ೧೩, ಶುಕ್ರವಾರ. ಬರ್ಲಿನ್ನಿನ ಮೇಲೆ ಮಳೆ ಸುರಿಯುತ್ತಿತ್ತು. ಮೋಡಗಳು ಮನೆಗಳ ಮಾಡಿನವರೆಗೂ ಇಳಿದಿದ್ದವು. ಟೆಂಪೆಲ್‌ಹಾಫ್ ನಿಲ್ದಾಣದಲ್ಲಿ ಇಳಿದ ವಿಮಾನವೊಂದು ಓಡುದಾರಿಯನ್ನು ಮೀರಿ ಹೋಗಿ ಹೊತ್ತಿಕೊಂಡಿತು. ಅದರ ಹಿಂದೆ ಬಂದ ವಿಮಾನದ ಚಾಲಕನು ಬೆಂಕಿಯನ್ನು ತಪ್ಪಿಸಲು ಬಲವಾಗಿ ಬ್ರೇಕು ಒತ್ತಿದಾಗ ಚಕ್ರಗಳು ಸಿಡಿದವು. ಮೂರನೆಯದು ಇನ್ನೂ ಕಟ್ಟಿ ಮುಗಿಯದ ಓಡುದಾರಿಯಲ್ಲಿ ಇಳಿದುಬಿಟ್ಟಿತು. ಅದೃಷ್ಟವಶಾತ್ ಒಳಗಿದ್ದವರು ಬದುಕಿಕೊಂಡರು. ಆದರೆ ಇಳಿಯಲು ಎಡೆ ಕಾಣದ ವಿಮಾನಗಳು ಒಂದರ ಮೇಲೊಂದಾಗಿ ಮೋಡದೊಳಗೆ ಸುತ್ತತೊಡಗಿದವು. ಅವುಗಳಲ್ಲಿ ಒಂದರಲ್ಲಿ ಇಡೀ ಕಾರ್ಯದ ಹೊಣೆ ಹೊತ್ತ ಸೇನಾನಿ ವಿಲಿಯಂ ಟನ್ನರ್ ಕುಳಿತಿದ್ದನು. ತನ್ನ ವಿಮಾನವೊಂದನ್ನುಳಿದು ಮಿಕ್ಕವೆಲ್ಲವೂ ಹೊರೆಯೊಡನೆ ಹಿಂದಿರುಗಲೆಂದು ಅವನು ರೇಡಿಯೋದಲ್ಲಿ ಆಜ್ಞಾಪಿಸಿದನು.

ಟನ್ನರನು ಈ ವಿದ್ಯೆಯನ್ನು ಕಲಿತದ್ದು ನಮ್ಮ ದೇಶದಲ್ಲಿಯೇ ಎನ್ನಬಹುದು. ಯುದ್ಧಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಶಿಖರಗಳನ್ನು ದಾಟಿ ಚೀನಕ್ಕೆ ಸರಕು ಒಯ್ಯುತ್ತಿದ್ದ ವಿಮಾನಗಳ ಆಡಳಿತವನ್ನು ೧೯೪೪ರಲ್ಲಿ ಅವನು ವಹಿಸಿಕೊಂಡಿದ್ದನು. ಆ ದಾರಿಯಲ್ಲಿ ನೂರಾರು ವಿಮಾನಗಳು ನಾಶವಾದವು. ಚಾಲಕನ ಸಾಹಸಕ್ಕಿಂತ ಎಲ್ಲರೂ ಒಂದೇ ಬಗೆಯಲ್ಲಿ ಹಾರುವುದು ಮುಖ್ಯವೆಂಬ ಅರಿವು ಅವನಿಗೆ ಅಲ್ಲಿ ದೃಢವಾಗಿತ್ತು.

ಬರ್ಲಿನ್ನಿನಲ್ಲಿ ಅವನು ವಿಧಿಸಿದ ನಿಯಮಗಳು ಕೇಳಲು ಸರಳ. ಆಕಾಶವು ನಿರ್ಮಲವಾಗಿದ್ದರೂ ಚಾಲಕರು ಉಪಕರಣಗಳನ್ನೇ ನೋಡಿ ಹಾರಬೇಕು. ಗೊತ್ತುಪಡಿಸಿದ ಎತ್ತರ, ವೇಗಗಳನ್ನು ಬಿಡಬಾರದು. ಒಮ್ಮೆ ಇಳಿಯಲು ಯತ್ನಿಸಿ ಸಾಧ್ಯವಾಗದಿದ್ದರೆ ಎರಡನೆಯ ಯತ್ನವಿಲ್ಲ. ಹೊರೆಯನ್ನು ಹೊತ್ತುಕೊಂಡೇ ಮರಳಬೇಕು. ಹಸಿದ ನಗರದ ಮೇಲಿನಿಂದ ಹತ್ತು ಟನ್ ಸಾಮಗ್ರಿಯನ್ನು ಹಿಂದಕ್ಕೆ ಒಯ್ಯುವುದು ಕ್ರೂರವೆಂದು ತೋರಬಹುದು. ಆದರೆ ಅವನ ಹಿಂದೆ ಮೂರೇ ನಿಮಿಷದ ಅಂತರದಲ್ಲಿ ಮತ್ತೊಂದು ವಿಮಾನ ಬರುತ್ತಿತ್ತು, ಅದರ ಹಿಂದೆ ಇನ್ನೊಂದು. ಒಬ್ಬನು ತಿರುಗಿ ಬಂದರೆ ಸಾಲೆಲ್ಲವೂ ಕದಡಿಹೋಗುತ್ತಿತ್ತು. ಇಳಿದ ಮೇಲೂ ಚಾಲಕರು ವಿಮಾನದ ಬಳಿಯಿಂದ ಕದಲುವಂತಿರಲಿಲ್ಲ. ತಿಂಡಿ, ಕಾಫಿ, ಹವಾಮಾನದ ವರದಿ ಎಲ್ಲವೂ ಜೀಪಿನಲ್ಲಿ ಅವರಿದ್ದಲ್ಲಿಗೇ ಬರುತ್ತಿದ್ದವು.

ಇಂತಹ ಶಿಸ್ತು ಬಾಯಿಮಾತಿನಿಂದ ಬರುವುದಲ್ಲ. ಆದುದರಿಂದ ಅಮೆರಿಕದ ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್ ಎಂಬಲ್ಲಿ ಒಂದು ವಿಚಿತ್ರವಾದ ಪಾಠಶಾಲೆ ತಲೆಯೆತ್ತಿತು. ಬರ್ಲಿನ್ನಿನ ಆಕಾಶಮಾರ್ಗಗಳನ್ನು ಅಲ್ಲಿನ ಬಯಲಿನ ಮೇಲೆ ಪಡಿಯಚ್ಚಿನಂತೆ ಗುರುತಿಸಿದರು. ದಿಕ್ಕು ತೋರುವ ರೇಡಿಯೋ ಸಂಕೇತಗಳನ್ನು ಅಲ್ಲಿಯಂತೆಯೇ ಹೊಂದಿಸಿದರು. ಯುದ್ಧ ಮುಗಿದ ಮೇಲೆ ಬೇರೆ ಉದ್ಯೋಗ ಹಿಡಿದಿದ್ದ ಎಷ್ಟೋ ಚಾಲಕರು ಮರಳಿ ಸೇವೆಗೆ ಬಂದು, ಬರ್ಲಿನ್ನನ್ನು ಕಾಣುವ ಮೊದಲೇ ಅದರ ದಾರಿಯನ್ನು ಅಭ್ಯಾಸ ಮಾಡಿದರು. ಟೆಂಪೆಲ್‌ಹಾಫಿನಲ್ಲಿ ಎತ್ತರದ ವಸತಿ ಕಟ್ಟಡಗಳ ನಡುವೆ ಹಾದು ಇಳಿಯಬೇಕಾಗಿದ್ದುದರಿಂದ ಈ ಅಭ್ಯಾಸವು ಬರಿಯ ಆಟವಾಗಿರಲಿಲ್ಲ.

ಅಮೆರಿಕ, ಬ್ರಿಟನ್‌ಗಳದಷ್ಟೇ ಅಲ್ಲದೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳ ತಂಡಗಳೂ ಬಂದು ಬ್ರಿಟನ್ನಿನ ಡಕೋಟಾ ವಿಮಾನಗಳನ್ನು ನಡೆಸಿದವು. ಬ್ರಿಟಿಷರ ಸಂಡರ್‌ಲೆಂಡ್ ಜಲವಿಮಾನಗಳು ಹಾವೆಲ್ ಜಲಾಶಯದಲ್ಲಿ ಇಳಿಯುತ್ತಿದ್ದವು. ಸಮುದ್ರದ ನೀರನ್ನು ತಾಳಿಕೊಳ್ಳುವಂತೆ ಕಟ್ಟಲ್ಪಟ್ಟಿದ್ದ ಅವುಗಳ ಪಾಲಿಗೆ ಲೋಹವನ್ನು ತಿನ್ನುವ ಉಪ್ಪಿನ ಸಾಗಣೆ ಬಂದುದು ಜಾಣತನವೇ ಸರಿ. ಆದರೆ ನಾನಾ ಜಾತಿಯ ವಿಮಾನಗಳಿಗೆ ನಾನಾ ವೇಗ. ನಿಧಾನದ್ದು ಮುಂದಿದ್ದು ವೇಗದ್ದು ಹಿಂದೆ ಬಂದರೆ ಮೂರು ನಿಮಿಷದ ಅಂತರ ಉಳಿಯುವುದೆಲ್ಲಿ? ಅಮೆರಿಕನ್ನರು ಚಿಕ್ಕ ವಿಮಾನಗಳನ್ನು ಹಿಂದೆಗೆದುಕೊಂಡು ಸಿ-೫೪ ಎಂಬ ದೊಡ್ಡ ವಿಮಾನಗಳನ್ನೇ ನೆಚ್ಚಿದರು. ಅಕ್ಟೋಬರ್ ತಿಂಗಳಿನಲ್ಲಿ ಎರಡು ದೇಶಗಳ ವಿಮಾನಗಳೂ ಒಂದೇ ಆಡಳಿತಕ್ಕೆ ಒಳಪಟ್ಟವು.

೧೯೪೯ರ ಏಪ್ರಿಲ್ ೧೬ರ ಈಸ್ಟರ್ ಸಮಯದಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ೧,೩೯೮ ವಿಮಾನಯಾನಗಳಿಂದ ೧೨,೯೪೧ ಟನ್ ಸಾಮಗ್ರಿ ಬಂದಿತು. ಮೇ ೧೨ರಂದು ದಿಗ್ಬಂಧನ ತೆರವಾಯಿತು. ಜರ್ಮನರು ಈ ಕಾರ್ಯವನ್ನು ವಾಯುಸೇತುವೆಯೆಂದು ಕರೆದರು. ಅದಕ್ಕಾಗಿ ಪ್ರಾಣ ತೆತ್ತ ಬ್ರಿಟನ್, ಅಮೆರಿಕಗಳವರೇ ಸುಮಾರು ಎಪ್ಪತ್ತು ಮಂದಿ; ಜರ್ಮನರೂ ಕೆಲವರು ಮಡಿದರು.

ಬರ್ಲಿನ್ನಿನಲ್ಲಿ ಆಪತ್ತು ಬಂದ ಮೇಲೆ ಕಲಿತದ್ದನ್ನು ಯೂರೋಪಿನ ದೇಶಗಳು ಈಗ ಮುಂಚಿತವಾಗಿಯೇ ಕಲಿಯುತ್ತವೆ. ಸ್ಪೇನಿನ ಸಾರಗೋಸಾ ನಗರದಲ್ಲಿ ೨೦೧೭ರಲ್ಲಿ ಹನ್ನೊಂದು ದೇಶಗಳು ಸೇರಿ ಸಾರಿಗೆ ವಿಮಾನ ತಂಡಗಳಿಗಾಗಿ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದವು. ತಂಡಗಳು ತಮ್ಮ ತಮ್ಮ ವಿಮಾನಗಳೊಡನೆ ಅಲ್ಲಿಗೆ ಬಂದು, ನೆಲಕ್ಕೆ ಸಮೀಪವಾಗಿ ಹಾರುವುದನ್ನೂ ಆಕಾಶದಿಂದ ಸರಕು ಇಳಿಬಿಡುವುದನ್ನೂ ಜೊತೆಯಾಗಿ ಅಭ್ಯಾಸ ಮಾಡುತ್ತವೆ.

ಹಂಗೆರಿಯ ಪಾಪಾ ಎಂಬ ವಾಯುನೆಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ೨೦೦೯ರಲ್ಲಿ ಹನ್ನೆರಡು ದೇಶಗಳು ಅಲ್ಲಿ ಮೂರು ಸಿ-೧೭ ಭಾರಿ ವಿಮಾನಗಳನ್ನು ಜಂಟಿಯಾಗಿ ನಡೆಸತೊಡಗಿದವು. ಬರ್ಲಿನ್ನಿನಲ್ಲಿ ಬೇರೆ ಬೇರೆ ದೇಶದವರು ಬೇರೆ ಬೇರೆ ವಿಮಾನಗಳಲ್ಲಿದ್ದರು. ಇಲ್ಲಿ ಒಂದೇ ವಿಮಾನದಲ್ಲಿ ಚಾಲಕನೊಬ್ಬ ಒಂದು ದೇಶದವನು, ಅವನ ಜೊತೆಗಾರ ಮತ್ತೊಂದು ದೇಶದವನು, ಹೊರೆಯನ್ನು ನೋಡಿಕೊಳ್ಳುವವನು ಮೂರನೆಯ ದೇಶದವನು. ಮನೆಯಲ್ಲಿ ಅವರು ಆಡುವ ಮಾತು ಯಾವುದೇ ಆಗಿರಲಿ, ವಿಮಾನದೊಳಗೆ ಇಂಗ್ಲಿಷ್ ಒಂದೇ. ೨೦೧೦ರ ಜನವರಿಯಲ್ಲಿ ಹೈಟಿ ದೇಶವು ಭೂಕಂಪದಿಂದ ನೆಲಸಮವಾದಾಗ, ಈ ದಳವು ಪರಿಹಾರ ಸಾಮಗ್ರಿಯನ್ನು ಹೊತ್ತು ಅಟ್ಲಾಂಟಿಕ್ ಸಾಗರವನ್ನು ದಾಟಿತು.